ಕೆವ್ಲಾರ್ ಹಾರ್ನೆಸ್ ಕಪ್ಪಾಗಿದೆ, ಬದಲಿಸಬೇಕಾ?

ಒಣಕೆರೆ_ರಾಕೆಟ್:
ಎಲ್ಲರಿಗೂ ನಮಸ್ಕಾರ. ನಾನಿರುವುದು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ, ಲೂಸರ್ನ್ ಒಣಕೆರೆಯಲ್ಲಿ ರಾಕೆಟ್ ಹಾರಿಸುತ್ತೇನೆ. 4 ಇಂಚಿನ ಫೈಬರ್‌ಗ್ಲಾಸ್ ರಾಕೆಟ್, 54 ಮಿ.ಮೀ. ಮೋಟಾರು. ರಾಕೆಟ್‌ನ ಭಾಗಗಳನ್ನೂ ಪ್ಯಾರಾಶೂಟನ್ನೂ ಸೇರಿಸಿ ಹಿಡಿಯುವ ಪಟ್ಟಿ, ಅಂದರೆ ಹಾರ್ನೆಸ್, ಶಾಖ ತಡೆಯುವ ಕೆವ್ಲಾರ್ ನಾರಿನದು. ಅದು ಕೆಳತುದಿಯಲ್ಲಿ ಗೇಣುದ್ದ ಕಪ್ಪಾಗಿದೆ. ಎಳೆದರೆ ಗಟ್ಟಿಯಾಗೇ ಇದೆ. ಇದು ಬರೀ ಮಸಿಯಾ, ಸುಟ್ಟಿದ್ದಾ? ಇನ್ನೊಂದು, ಮಗಳ ಎಸ್ಟೀಸ್ ಕಂಪನಿಯ ಪುಟ್ಟ ರಟ್ಟಿನ ರಾಕೆಟ್‌ನಲ್ಲಿ ಮೂತಿಯನ್ನು ಕೊಳವೆಗೆ ಕಟ್ಟಿರುವ ರಬ್ಬರ್ ಹಳೆಯದಾಗಿದೆ. ಕಾಗದ ಮಡಚಿ ಕೊಳವೆಯೊಳಗೆ ಅಂಟಿಸಿದ್ದು, ಬಿಚ್ಚಲು ಬರುವುದಿಲ್ಲ.

ಎಪಾಕ್ಸಿ_ಕೈ:
ಮೊದಲು ಉಗುರುಬೆಚ್ಚಗಿನ ಸೋಪು ನೀರಲ್ಲಿ ತೊಳೆಯಿರಿ. ಪ್ಯಾರಾಶೂಟನ್ನು ಹೊರತಳ್ಳಲು ಸಿಡಿಸುವ ಬ್ಲ್ಯಾಕ್ ಪೌಡರ್‌ನ ಮಸಿ ಬಹಳಷ್ಟು ಹೋಗುತ್ತದೆ. ನೆರಳಲ್ಲೇ ಒಣಗಿಸಿ, ಬಿಸಿಲಿಗೆ ಕೆವ್ಲಾರ್‌ನ ಬಲ ಕುಗ್ಗುತ್ತದೆ. ಆಮೇಲೆ ಬೆರಳಲ್ಲಿ ಇಂಚಿಂಚೂ ಬಗ್ಗಿಸುತ್ತಾ ಹೋಗಿ. ಒಂದು ಕಡೆ ಬಿರುಸಾಗಿದ್ದರೆ, ಬಗ್ಗಿಸಿದಾಗ ಎಳೆಗಳು ಮುರಿದು ಉದುರಿದರೆ, ಅದು ಸುಟ್ಟಿದೆ, ತೆಗೆದುಬಿಡಿ. ಕೈಯಲ್ಲಿ ಎಳೆದು ನೋಡಿದ್ದನ್ನು ದಯವಿಟ್ಟು ನಂಬಬೇಡಿ, ಪ್ಯಾರಾಶೂಟ್ ಬಿಚ್ಚಿಕೊಂಡಾಗ ಬೀಳುವ ಜಗ್ಗು ನಿಮ್ಮ ತೋಳಿನ ಬಲಕ್ಕಿಂತ ಎಷ್ಟೋ ಜಾಸ್ತಿ. ನೈಲಾನ್ ಆದರೆ ಕರಗಿ ಗಂಟು ಗಂಟಾಗುತ್ತದೆ, ನೋಡಿದರೇ ಗೊತ್ತಾಗುತ್ತದೆ. ಕೆವ್ಲಾರ್ ಕರಗುವುದಿಲ್ಲ, ಕರಿಕಲಾಗುತ್ತದೆ, ಅದಕ್ಕೇ ಮೋಸ ಹೋಗುವುದು. ಕುಣಿಕೆಯ ಹೊಲಿಗೆಯನ್ನೂ, ಕೊಳವೆಯ ಬಾಯಿಗೆ ಉಜ್ಜುವ ಜಾಗವನ್ನೂ ಬಿಡಬೇಡಿ.

ಒಣಕೆರೆ_ರಾಕೆಟ್:
ತೊಳೆದೆ. ನಾಲ್ಕೈದು ಇಂಚು ಬಿರುಸೇ ಇದೆ. ಅಷ್ಟು ಕತ್ತರಿಸಿ ಗಂಟು ಹಾಕಿದರೆ ಆಗಲ್ವಾ?

ಮೋಡದಾಚೆ:
ಬೇಡ ಸರ್. ಗಂಟು ಹಾಕಿದ ಜಾಗದಲ್ಲಿ ಕೆವ್ಲಾರ್‌ನ ಬಲ ತುಂಬಾ ಕಡಿಮೆಯಾಗುತ್ತದೆ. ಉದ್ದವೂ ಹೋಗುತ್ತದೆ, ರಾಕೆಟ್‌ನ 3ರಿಂದ 5 ಪಟ್ಟು ಉದ್ದ ಇರಲಿ ಎನ್ನುವುದು ಎಲ್ಲರೂ ಪಾಲಿಸುವ ಲೆಕ್ಕ. ಹೊಸದು ಹಾಕಿ. ಈ ಸಲ ಕೆಳಗೆ ಒಂದು ಗಿಡ್ಡ ತುಂಡು ಬೇರೆ ಇಟ್ಟು, ಕ್ವಿಕ್ ಲಿಂಕ್‌ನಿಂದ (ತಿರುಪಿನಿಂದ ಮುಚ್ಚುವ ಲೋಹದ ಕೊಂಡಿ) ಉದ್ದದ ಹಾರ್ನೆಸ್ಸಿಗೆ ಸೇರಿಸಿ. ಬೆಂಕಿ ತಾಗುವುದು ಅದಕ್ಕೇ, ಮುಂದೆ ಅದೊಂದನ್ನೇ ಬದಲಿಸಿದರೆ ಸಾಕು. ಹಾಗೇ ಹಾರ್ನೆಸ್ ಕಟ್ಟುವ ಐಬೋಲ್ಟ್ (ತಲೆಯಲ್ಲಿ ಬಳೆಯಿರುವ ಬೋಲ್ಟ್) ನೋಡಿ, ಸುಮ್ನೆ ಬಗ್ಗಿಸಿದ ತಂತಿಯದಾದರೆ ಜಗ್ಗಿಗೆ ಬಾಯಿ ತೆರೆದುಕೊಳ್ಳುತ್ತದೆ. ಬೆಸುಗೆ ಹಾಕಿದ್ದು ಅಥವಾ ಫೋರ್ಜ್ ಮಾಡಿದ್ದೇ ಬೇಕು. ಹಾರ್ನೆಸ್ ಪ್ರತಿ ಸಲ ಕೊನೆವರೆಗೂ ಬಿಗಿದು ಝಟ್ಟನೆ ನಿಲ್ಲುತ್ತಿದ್ದರೆ ದಪ್ಪದ್ದು ಹುಡುಕಬೇಡಿ, ಉದ್ದದ್ದು ಹಾಕಿ, ಪೌಡರ್ ಜಾಸ್ತಿಯಾಯ್ತಾ ಅಂತ ನೆಲದ ಮೇಲೇ ಪರೀಕ್ಷಿಸಿ.

ಟೈಲರ್_ಎಲಾಸ್ಟಿಕ್:
ಮಗಳ ರಾಕೆಟ್ಟಿನ ಬಗ್ಗೆ ನಾನು ಹೇಳುತ್ತೇನೆ. ರಬ್ಬರ್ ಎಳೆದಾಗ ಮೇಲೆ ಸಣ್ಣ ಬಿರುಕು ಕಂಡರೆ ಅದರ ಕಥೆ ಮುಗಿಯಿತು. ಹಳೇ ಕಾಗದವನ್ನು ಕೀಳಲು ಹೋದರೆ ರಟ್ಟಿನ ಕೊಳವೆಯೇ ಹರಿಯುತ್ತದೆ, ಹಾಗೇ ಬಿಡಿ. ರಬ್ಬರನ್ನು ಮಾತ್ರ ಬುಡದಲ್ಲಿ ಕತ್ತರಿಸಿ. ಬಟ್ಟೆ ಹೊಲಿಯುವ ಕಾಲಿಂಚಿನ ಎಲಾಸ್ಟಿಕ್ ತಂದು, ಹೊಸ ಕಾಗದದ ಮಡಿಕೆಯಲ್ಲಿ ಇಟ್ಟು, ಕೊಳವೆಯ ಒಳಗೆ ಎದುರು ಬದಿಗೆ ಅಂಟಿಸಿ. ಮೂತಿಯ ಕೆಳಭಾಗ ಕೂರುವ ಜಾಗಕ್ಕಿಂತ ಒಳಗೆ ಅಂಟಿಸಬೇಕು, ಇಲ್ಲದಿದ್ದರೆ ಮೂತಿ ಸಿಕ್ಕಿಕೊಳ್ಳುತ್ತದೆ. ಕೆವ್ಲಾರ್ ದಾರ ಹಾಕುವ ಆಸೆಯಿದ್ದರೆ ಅದು ಕೊಳವೆಯ ಬಾಯಿ ದಾಟದಷ್ಟು ಗಿಡ್ಡವಿರಲಿ, ಆಮೇಲಿನದು ಎಲಾಸ್ಟಿಕ್ ಆಗಲಿ. ದಾಟಿದರೆ ಆ ಸಣ್ಣ ದಾರ ರಟ್ಟನ್ನು ಬಾಯಿಂದ ಕೆಳಕ್ಕೆ ಚಾಕುವಿನಂತೆ ಸೀಳುತ್ತದೆ. ಅಂಟು ಪೂರ್ತಿ ಒಣಗಲು ಒಂದು ರಾತ್ರಿ ಬಿಡಿ, ಮಗಳಿಗೆ ಎಷ್ಟೇ ಅವಸರವಿದ್ದರೂ.