ಅಪ್ಪನ ಹಲ್ಲು ಎಲ್ಲಾ ಕೀಳಿಸಲೇಬೇಕಾ?

ಪ್ರಶ್ನೆ (ಬದಿಯಡ್ಕದಿಂದ): ಡಾಕ್ಟ್ರೇ, ನಮಸ್ಕಾರ. ಅಪ್ಪನಿಗೆ 61. ತೋಟದ ಕೆಲಸ, ಸಣ್ಣ ಪ್ರಾಯದಿಂದಲೂ ಎಲೆಯಡಿಕೆ. ಹೊಗೆಸೊಪ್ಪು ಇಲ್ಲ. ದವಡೆ ಹಲ್ಲು ಐದು ಹೋಗಿವೆ. ಮುಂದಿನವು ಸವೆದು ಅರ್ಧ ಆಗಿವೆ, ಎರಡು ಮುರಿದಿವೆ. ಗಂಜಿಯೊಟ್ಟಿಗೆ ಹಪ್ಪಳವನ್ನೂ ನೆನೆಸಿ ತಿನ್ನುತ್ತಾರೆ. ಶುಗರ್ ಇದೆ. ಒಂದು ಕ್ಲಿನಿಕ್‌ನಲ್ಲಿ ಎಲ್ಲಾ ಕಿತ್ತು ಮೂರೇ ದಿನದಲ್ಲಿ ಇಂಪ್ಲಾಂಟ್ ಹಲ್ಲು (ದವಡೆ ಎಲುಬಿಗೆ ಸ್ಕ್ರೂ ಹಾಕಿ ಕೂರಿಸುವುದು) ಕೂರಿಸುತ್ತೇವೆ ಅಂದರು. ಒಪ್ಪಬಹುದಾ?

ಉತ್ತರ: ಈಗಲೇ ಒಪ್ಪಬೇಡಿ. ಬೇರು ಗಟ್ಟಿ ಇದ್ದು ಸುತ್ತಲಿನ ಎಲುಬು ಚೆನ್ನಾಗಿದ್ದರೆ, ಅರ್ಧ ಸವೆದ ಹಲ್ಲನ್ನೂ ಉಳಿಸಿ ಕ್ಯಾಪ್ ಹಾಕಬಹುದು. ಬೇಕಾದರೆ ರೂಟ್ ಕೆನಾಲ್ ಮಾಡಿ. ಆದರೆ ಹಲ್ಲು ಕಿತ್ತರೆ ಆ ಜಾಗದ ಎಲುಬು ಕರಗುತ್ತಾ ಹೋಗುತ್ತದೆ. ಮೂರು ದಿನದ ವಿಧಾನ ಸುಳ್ಳಲ್ಲ. ಅದು ಹಲ್ಲು ಉಳಿಯುವ ಸ್ಥಿತಿಯೇ ಇಲ್ಲದ, ಎಲುಬು ಸಾಕಷ್ಟಿರುವ ಕೆಲವರಿಗೆ. ನಿಮ್ಮ ತಂದೆಯವರು ಆ ಗುಂಪಿನವರಾ ಅಂತ ಒಪಿಜಿ ಎಕ್ಸ್‌ರೇ (ಎಲ್ಲಾ ಹಲ್ಲು, ದವಡೆ ಒಂದೇ ಚಿತ್ರದಲ್ಲಿ ಕಾಣುವಂಥದ್ದು) ನೋಡದೆ ಯಾರೂ ಹೇಳಬಾರದು. ಮೂರು ತಿಂಗಳ ಸರಾಸರಿ ಶುಗರ್ ಕೂಡ ಪರೀಕ್ಷಿಸಿ. ಅದು ಜಾಸ್ತಿ ಇದ್ದರೆ ಗಾಯ ಬೇಗ ಮಾಗುವುದಿಲ್ಲ.

ಇನ್ನೊಂದು ಕೆಲಸ ಇವತ್ತೇ ಮಾಡಿ. ತಂದೆಯವರು ಬಾಯಿ ಪೂರ್ತಿ ತೆರೆದು, ತಮ್ಮದೇ ಮೂರು ಬೆರಳು ಜೋಡಿಸಿ ಮೇಲಿನ–ಕೆಳಗಿನ ಹಲ್ಲಿನ ನಡುವೆ ನೆಟ್ಟಗೆ ಇಟ್ಟು ನೋಡಲಿ. ಖಾರ ತಾಗಿದರೆ ಉರಿಯುತ್ತದಾ ಅಂತಲೂ ಕೇಳಿ.

ಪ್ರಶ್ನೆ: ಉಳಿಸುವುದಾದರೆ ಎಷ್ಟು ಸಮಯ ಬೇಕು ಡಾಕ್ಟ್ರೇ? ಖರ್ಚಿನದ್ದೂ ಚಿಂತೆ.

ಉತ್ತರ: ಆರು ತಿಂಗಳಿಂದ ಒಂದು ವರ್ಷ ಅಂದುಕೊಳ್ಳಿ. ಮೊದಲು ವಸಡು ಸರಿ ಮಾಡಬೇಕು. ಹಲ್ಲು ಸವೆದಾಗ ಕಚ್ಚುವ ಎತ್ತರ ಕಮ್ಮಿಯಾಗಿ ಗದ್ದ ಮೂಗಿನ ಹತ್ತಿರ ಬರಬಹುದು, ತುಟಿಯ ಮೂಲೆ ಮಡಚಬಹುದು. ಆ ಎತ್ತರವನ್ನು ಒಮ್ಮೆಲೇ ಪಕ್ಕಾ ಕ್ಯಾಪ್ ಹಾಕಿ ಏರಿಸಿದರೆ ದವಡೆ ಕೀಲು ನೋಯಬಹುದು. ಅದಕ್ಕೇ ತಾತ್ಕಾಲಿಕ ಕ್ಯಾಪ್ ಹಾಕಿ ಒಂದೆರಡು ತಿಂಗಳು ಊಟ, ಮಾತು ಎಲ್ಲಾ ಸರಿ ಹೋಗುತ್ತದಾ ನೋಡುತ್ತೇವೆ. ಈ ಹಂತ ಬಿಟ್ಟುಬಿಡಿ ಅಂತ ಯಾರಿಗೂ ಅವಸರ ಮಾಡಬೇಡಿ. ಹೋದ ದವಡೆ ಹಲ್ಲಿನ ಜಾಗಕ್ಕೆ ಇಂಪ್ಲಾಂಟ್ ಹಾಕಿಸುವುದಾದರೆ, ಅದು ಎಲುಬಿಗೆ ಕಚ್ಚಲು ಸಾಮಾನ್ಯವಾಗಿ 3–6 ತಿಂಗಳು ಬೇಕು. ಖರ್ಚಿಗೆ ಮಂಗಳೂರು ಹತ್ತಿರದ ದೇರಳಕಟ್ಟೆಯ ದಂತ ಕಾಲೇಜುಗಳಲ್ಲಿ ವಿಚಾರಿಸಿ. ಪ್ರಾಸ್ತೊಡಾಂಟಿಕ್ಸ್ (ಕ್ಯಾಪ್, ಕೃತಕ ಹಲ್ಲು ಕೂರಿಸುವ) ವಿಭಾಗ ಅಂತ ಕೇಳಿ. ಓಡಾಟ ಜಾಸ್ತಿ, ಆದರೆ ಕಮ್ಮಿಗೆ ಆಗುತ್ತದೆ.

ಪ್ರಶ್ನೆ: ಬೆರಳು ಇಟ್ಟು ನೋಡಿದೆವು. ಎರಡೇ ಹೋಗುತ್ತದೆ. ಸಾರಿನ ಖಾರಕ್ಕೂ ಉರಿ ಅನ್ನುತ್ತಾರೆ.

ಉತ್ತರ: ಮೂರು ಬೆರಳು ಹೋಗಬೇಕಿತ್ತು. ಹಾಗಾದರೆ ಹಲ್ಲಿನ ವಿಚಾರ ಆಮೇಲೆ. ಇದು ಅಡಿಕೆಯಿಂದ ಬರುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ಇರಬಹುದು. ಕೆನ್ನೆಯ ಒಳಭಾಗ ಬಿಗಿಯುತ್ತಾ ಬರುತ್ತದೆ, ಕೆಲವರಲ್ಲಿ ಕ್ಯಾನ್ಸರ್‌ಗೆ ತಿರುಗುತ್ತದೆ. ಹೊಗೆಸೊಪ್ಪು ಇಲ್ಲ ಅಂತ ಧೈರ್ಯ ಬೇಡ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಬರೀ ಅಡಿಕೆಯನ್ನೂ ಕ್ಯಾನ್ಸರ್‌ಕಾರಕ ಅಂದಿದೆ. ಅಡಿಕೆ ತೋಟವೇ ಜೀವನವಾದ ನಮ್ಮ ಊರಲ್ಲಿ ಇದನ್ನು ಹೇಳುವುದು ನನಗೂ ಕಷ್ಟ. ಜಗಿಯುವುದು ಇವತ್ತೇ ನಿಲ್ಲಲಿ. ಇದೇ ವಾರ ದಂತ ಕಾಲೇಜಿನ ಓರಲ್ ಮೆಡಿಸಿನ್ (ಬಾಯಿಯ ಕಾಯಿಲೆಗಳ) ವಿಭಾಗದಲ್ಲಿ ತೋರಿಸಿ, ಅವರು ಹೇಳಿದ್ದನ್ನು ಇಲ್ಲಿ ತಿಳಿಸಿ.