ಬಿಸಿಯಾದ ಮೇಲೆ ಎಡ ಸಿಲಿಂಡರ್ ಮಾತ್ರ ಮಿಸ್ಸಿಂಗ್: ಎಲ್ಲಿಂದ ಹುಡುಕಬೇಕು?

ಪ್ರಶ್ನೆ (ಬಳ್ಳಾರಿಯಿಂದ)

ನನ್ನ ಬಳಿ 1980ರ ದಶಕದ, ಎರಡು ಸಿಲಿಂಡರಿನ ಟೂ-ಸ್ಟ್ರೋಕ್ ಮೋಟಾರ್ ಸೈಕಲ್ ಇದೆ. ತಂದೆಯವರು ಓಡಿಸಿದ ಗಾಡಿಯಾದ್ದರಿಂದ ಮಾರುವ ಮಾತೇ ಇಲ್ಲ. ಪ್ರತಿ ಸಿಲಿಂಡರಿಗೂ ಬೇರೆ ಬೇರೆ ಕಾರ್ಬುರೇಟರ್, ಕಾಯಿಲ್ (ಪ್ಲಗ್‌ನ ಕಿಡಿಗೆ ಬೇಕಾದ ಕರೆಂಟು ಕೊಡುವುದು), ಪಾಯಿಂಟ್ (ಕಾಯಿಲಿನ ಕರೆಂಟನ್ನು ಕಡಿದು ಜೋಡಿಸುವ ಸ್ವಿಚ್ಚು) ಮತ್ತು ಕಂಡೆನ್ಸರ್ ಇವೆ. ಬೆಳಿಗ್ಗೆ ಎರಡನೇ ಕಿಕ್ಕಿಗೆ ಶುರುವಾಗಿ ಎರಡೂ ಸರಿಯಾಗಿ ಹೊಡೆಯುತ್ತವೆ. ಆದರೆ ಹೊಸಪೇಟೆ ರಸ್ತೆ ಹಿಡಿದು ಕುಡತಿನಿ ದಾಟುವಷ್ಟರಲ್ಲಿ ಎಡಗಡೆಯದು ಮೊದಲು ಬಿಟ್ಟು ಬಿಟ್ಟು ಹೊಡೆದು, ಆಮೇಲೆ ಪೂರ್ತಿ ನಿಂತುಹೋಗುತ್ತದೆ. ನೆರಳಿನಲ್ಲಿ ಅರ್ಧ ಗಂಟೆ ನಿಲ್ಲಿಸಿದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಓಡುತ್ತದೆ. ಹೊಸ ಪ್ಲಗ್ ಹಾಕಿಸಿದ್ದಾಯಿತು, ಕಾರ್ಬುರೇಟರನ್ನು ಎರಡು ಸಲ ತೊಳೆಸಿದ್ದಾಯಿತು. ಈಗ ಗ್ಯಾರೇಜಿನವರು ಎಂಜಿನ್ ಬಿಚ್ಚಬೇಕು ಎನ್ನುತ್ತಿದ್ದಾರೆ. ಅದಕ್ಕೆ ಮೊದಲು ನಾನೇ ನೋಡಬಹುದಾದದ್ದು ಏನಾದರೂ ಇದೆಯೇ?

ಉತ್ತರ (ಗಂಗಾವತಿಯಿಂದ)

ದಯವಿಟ್ಟು ಈಗಲೇ ಎಂಜಿನ್ ಬಿಚ್ಚಿಸಬೇಡಿ. ಒಂದೇ ಸಿಲಿಂಡರಿನ ಗಾಡಿಯವರಿಗೆ ಇಲ್ಲದ ಅನುಕೂಲವೊಂದು ನಿಮಗಿದೆ: ಸರಿಯಾಗಿ ಓಡುತ್ತಿರುವ ಬಲ ಸಿಲಿಂಡರೇ ನಿಮ್ಮ ಅಳತೆಗೋಲು. ಎರಡಕ್ಕೂ ಸಮಾನವಾಗಿರುವುದನ್ನೆಲ್ಲ ಮೊದಲು ಪಟ್ಟಿಯಿಂದ ತೆಗೆದುಹಾಕಿ. ಟ್ಯಾಂಕಿನ ಮುಚ್ಚಳದ ಗಾಳಿರಂಧ್ರ ಕಟ್ಟಿದ್ದರೆ, ಬ್ಯಾಟರಿ ಸೋತಿದ್ದರೆ, ಪೆಟ್ರೋಲಿನಲ್ಲಿ ನೀರು ಸೇರಿದ್ದರೆ ಸಾಮಾನ್ಯವಾಗಿ ಎರಡೂ ಸಿಲಿಂಡರ್ ನರಳಬೇಕು. ನಿಮ್ಮಲ್ಲಿ ನರಳುತ್ತಿರುವುದು ಒಂದೇ.

ಇನ್ನು ಉಳಿದದ್ದು ಎಡಗಡೆಗೆ ಪೆಟ್ರೋಲ್ ಬರುತ್ತಿಲ್ಲವೋ, ಕಿಡಿ ಬರುತ್ತಿಲ್ಲವೋ ಎಂಬ ಪ್ರಶ್ನೆ. ಇದನ್ನು ಮನೆಯ ಮುಂದೆ ತಣ್ಣಗಿರುವಾಗ ನೋಡಿ ಫಲವಿಲ್ಲ. ದಾರಿಯಲ್ಲಿ ಎಡಗಡೆಯದು ನಿಂತ ಗಳಿಗೆಯಲ್ಲೇ ಕ್ಲಚ್ ಹಿಡಿದು, ಎಂಜಿನ್ ಆಫ್ ಮಾಡಿ, ಬದಿಗೆ ನಿಲ್ಲಿಸಿ ಎಡ ಪ್ಲಗ್ ಬಿಚ್ಚಿ ನೋಡಿ. ಅದು ಪೆಟ್ರೋಲಿನಲ್ಲಿ ತೊಯ್ದು ಕಪ್ಪಗಿದ್ದರೆ ಕಿಡಿಯ ದೋಷವೆಂದು ಹಿಡಿಯಿರಿ. ಒಣಗಿದ್ದರೆ ಕಾರ್ಬುರೇಟರಿನತ್ತ ಹೋಗಿ. ತೊಯ್ದಿದ್ದರೆ ಎರಡು ಪ್ಲಗ್‌ಗಳನ್ನು ಅದಲುಬದಲು ಮಾಡಿ ಓಡಿಸಿ, ಆಮೇಲೆ ಎರಡು ಕಾಯಿಲ್‌ಗಳನ್ನು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು, ಇಲ್ಲವಾದರೆ ಯಾವುದರಿಂದ ಏನಾಯಿತೆಂದು ತಿಳಿಯುವುದೇ ಇಲ್ಲ. ಮಿಸ್ಸಿಂಗ್ ಬಲಗಡೆಗೆ ಹೋದರೆ ಕಳ್ಳ ಸಿಕ್ಕಂತೆ.

ಎಡಗಡೆಯಲ್ಲೇ ಉಳಿದರೆ ನನ್ನ ಅನುಮಾನ ಕಂಡೆನ್ಸರಿನ ಮೇಲೆ. ಪಾಯಿಂಟ್ ತೆರೆದುಕೊಳ್ಳುವಾಗ ಕರೆಂಟು ಅಲ್ಲಿಯೇ ಹಾರಿ ಉರಿಯದಂತೆ ಅದನ್ನು ತನ್ನೊಳಗೆ ಎಳೆದುಕೊಳ್ಳುವುದು ಕಂಡೆನ್ಸರಿನ ಕೆಲಸ. ಆಗಲೇ ಕಾಯಿಲಿನ ಕಾಂತಕ್ಷೇತ್ರ ಒಮ್ಮೆಲೇ ಕುಸಿದು ಪ್ಲಗ್‌ನಲ್ಲಿ ಬಲವಾದ ಕಿಡಿ ಹುಟ್ಟುತ್ತದೆ. ಹಳೆಯ ಕಂಡೆನ್ಸರಿನ ಒಳಪದರ ಬಿಸಿಯಾದಾಗ ಸೋರಲು ತೊಡಗಿ, ತಣ್ಣಗಾದಾಗ ಮತ್ತೆ ಸರಿಹೋಗುತ್ತದೆ. ನೀವು ಹೇಳಿದ ಅರ್ಧ ಗಂಟೆಯ ಲೆಕ್ಕ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಹಳೆಯ ಕಾಯಿಲ್ ಕೂಡ ಹೀಗೆಯೇ ಮಾಡಬಲ್ಲದು, ಅದಕ್ಕಾಗಿಯೇ ಅದನ್ನು ಮೊದಲು ಅದಲುಬದಲು ಮಾಡಲು ಹೇಳಿದ್ದು.

ಉತ್ತರ (ಸಿಂಧನೂರಿನಿಂದ)

ಮೇಲಿನ ಕ್ರಮ ಸರಿಯಾಗಿದೆ, ಆದರೆ ಒಂದು ಎಚ್ಚರಿಕೆಯನ್ನು ಸೇರಿಸಲೇಬೇಕು. ಪಾಯಿಂಟಿನ ಅಂತರವನ್ನು ಮುಟ್ಟಿದರೆ ಟೈಮಿಂಗ್, ಅಂದರೆ ಕಿಡಿ ಬರುವ ಗಳಿಗೆ, ಕೂಡ ಬದಲಾಗುತ್ತದೆ: ಅಂತರ ಹೆಚ್ಚಾದಷ್ಟೂ ಪಾಯಿಂಟ್ ಬೇಗ ತೆರೆದು ಕಿಡಿ ಮುಂಚೆ ಬರುತ್ತದೆ. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಕಿಡಿ ಅತಿಯಾಗಿ ಮುಂದಾದರೆ, ಅದರಲ್ಲೂ ನಮ್ಮ ಕಡೆಯ ಏಪ್ರಿಲ್-ಮೇ ಬಿಸಿಲಿನಲ್ಲಿ, ಪಿಸ್ಟನ್ನಿನ ತಲೆಯೇ ತೂತಾಗಬಹುದು. ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಇಟ್ಟು ಅಂತರ ಹೊಂದಿಸಿದ ಮೇಲೆ, ಪ್ಲಗ್ ರಂಧ್ರದಲ್ಲಿ ಡಯಲ್ ಗೇಜ್ (ಪಿಸ್ಟನ್ ಎಲ್ಲಿದೆಯೆಂದು ಅಳೆಯುವ ಮಾಪಕ) ಕೂರಿಸಿ ಎರಡೂ ಸಿಲಿಂಡರಿನ ಟೈಮಿಂಗನ್ನು ಬೇರೆ ಬೇರೆಯಾಗಿ ನೋಡಿಸಿ. ಎಂಜಿನ್ ಓಡುತ್ತಿರುವಾಗ ಪ್ಲಗ್ ಕ್ಯಾಪನ್ನು ಕೈಯಿಂದ ಎಳೆದು ಪರೀಕ್ಷಿಸುವ ಅಭ್ಯಾಸ ಯಾರಿಗೂ ಒಳ್ಳೆಯದಲ್ಲ.

ಮರುಪ್ರತಿಕ್ರಿಯೆ (ಬಳ್ಳಾರಿಯಿಂದ)

ಇಬ್ಬರಿಗೂ ಕೃತಜ್ಞತೆಗಳು. ಭಾನುವಾರ ಕುಡತಿನಿಯ ಆಚೆ ಗಾಡಿ ಕೈಕೊಟ್ಟ ಕೂಡಲೇ ನಿಲ್ಲಿಸಿ ನೋಡಿದೆ. ಎಡ ಪ್ಲಗ್ ತೊಟ್ಟಿಕ್ಕುವಷ್ಟು ತೊಯ್ದಿತ್ತು. ಪ್ಲಗ್‌ಗಳನ್ನು ಅದಲುಬದಲು ಮಾಡಿದೆ, ಮನೆಗೆ ಬಂದು ಕಾಯಿಲ್‌ಗಳನ್ನೂ ಅದಲುಬದಲು ಮಾಡಿ ಮತ್ತೊಮ್ಮೆ ಹೋಗಿಬಂದೆ. ಎರಡು ಸಲವೂ ಮಿಸ್ಸಿಂಗ್ ಎಡಗಡೆಯಲ್ಲೇ ಉಳಿಯಿತು. ಸಂಜೆ ಬೆಳಕು ಇಳಿದ ಮೇಲೆ, ಎಂಜಿನ್ ಇನ್ನೂ ಬಿಸಿಯಿರುವಾಗಲೇ, ಪಾಯಿಂಟಿನ ಮುಚ್ಚಳ ತೆಗೆದು ಐಡ್ಲಿಂಗ್‌ನಲ್ಲಿ ಇಟ್ಟೆ. ಬಲ ಪಾಯಿಂಟಿನಲ್ಲಿ ಕಂಡೂ ಕಾಣದಂಥ ಸಣ್ಣ ನೀಲಿ ಕಿಡಿಯಿದ್ದರೆ, ಎಡ ಪಾಯಿಂಟಿನಲ್ಲಿ ದಪ್ಪನೆಯ ಹಳದಿ ಕಿಡಿ ಚಟಪಟ ಎನ್ನುತ್ತಿತ್ತು. ಬಿಚ್ಚಿ ನೋಡಿದಾಗ ಎಡ ಪಾಯಿಂಟಿನ ಒಂದು ಮುಖದಲ್ಲಿ ಗುಳಿ ಬಿದ್ದು, ಎದುರಿನ ಮುಖದಲ್ಲಿ ಅಷ್ಟೇ ಗಾತ್ರದ ಮೊನೆ ಎದ್ದಿತ್ತು.

ಎಡಗಡೆಯ ಪಾಯಿಂಟ್ ಮತ್ತು ಕಂಡೆನ್ಸರ್ ಎರಡನ್ನೂ ಹೊಸದಾಗಿ ಹಾಕಿ, ಟೈಮಿಂಗ್ ಹೊಂದಿಸಿಕೊಂಡು, ತೋರಣಗಲ್ಲಿನವರೆಗೆ ನಿಲ್ಲಿಸದೆ ಹೋಗಿಬಂದೆ. ಬಂದು ಎರಡೂ ಬೆಂಡ್ ಪೈಪ್‌ಗಳ (ಸಿಲಿಂಡರಿನಿಂದ ಹೊಗೆ ಹೊರಬರುವ ಕೊಳವೆಗಳ) ಮೇಲೆ ನೀರು ಚಿಮುಕಿಸಿದಾಗ ಎರಡರಲ್ಲೂ ಒಂದೇ ಸಮನೆ ಚುರ್ ಎಂದಿತು, ಅಂದರೆ ಎರಡೂ ಸಿಲಿಂಡರ್ ಸಮನಾಗಿ ಹೊಡೆಯುತ್ತಿವೆ. ಬಲಗಡೆಯ ಕಂಡೆನ್ಸರಿಗೂ ಅಷ್ಟೇ ವಯಸ್ಸಾಗಿದೆ. ಅದನ್ನೂ ಈಗಲೇ ಬದಲಿಸುವುದು ಒಳ್ಳೆಯದೇ?

ಉತ್ತರ (ಗಂಗಾವತಿಯಿಂದ)

ಬಲಗಡೆಯ ಕಿಡಿ ಸಣ್ಣಗೆ ನೀಲಿಯಾಗಿಯೇ ಇರುವವರೆಗೆ ಅದನ್ನು ಮುಟ್ಟಬೇಡಿ. ಈಗ ಪೇಟೆಯಲ್ಲಿ ಸಿಗುವ ಹೊಸ ಕಂಡೆನ್ಸರ್‌ಗಳೆಲ್ಲ ಹಳೆಯದರಷ್ಟು ಬಾಳುತ್ತವೆಂಬ ಭರವಸೆ ನನಗಿಲ್ಲ. ಒಂದನ್ನು ಕೊಂಡು, ಹತ್ತು ದಿನ ಗಾಡಿಯಲ್ಲಿ ಓಡಿಸಿ ಪರೀಕ್ಷಿಸಿ, ಆಮೇಲೆ ಬಿಚ್ಚಿ ಸ್ಕ್ರೂಡ್ರೈವರ್ ಜೊತೆಗೆ ಟೂಲ್ ಬಾಕ್ಸಿನಲ್ಲಿ ಇಟ್ಟುಕೊಳ್ಳಿ.