ಸ್ಟ್ರೋಕ್ ಆದ ಅಪ್ಪಾರ ವಾಕಿಂಗ್, ಒಂದು ವಿಡಿಯೋ ಮ್ಯಾಲೆ ಮನಿ ಗ್ರೂಪಿನ್ಯಾಗ ವಾದ

ಕಾಕಾ, ಕೊಥ್ರೂಡ್: (ವಿಡಿಯೋ ಫಾರ್ವರ್ಡ್) ಸ್ಟ್ರೋಕ್ ಆದವ್ರು ನಡಿಯೋ ಮುಂದ 100ರಿಂದ ಉಲ್ಟಾ ಎಣಸ್ಬೇಕಂತ, ಮಿದುಳು ಲಗೂನ ಚುರುಕಾಗ್ತದಂತ. ನಾಳೆ ಸಂಜಿಂದನ ಅಣ್ಣಾಗ ಸಾರಸ್‌ಬಾಗ್ ಪಾರ್ಕಿಗೆ ಕರ್ಕೊಂಡು ಹೋಗಿ ಶುರು ಮಾಡಸ್ರಿ

ಪುಟ್ಟಿ: ಕಾಕಾ ಬ್ಯಾಡ್ರಿ, ಸಂಜಿಗೆ ಅಲ್ಲಿ ಗದ್ದಲ ಎಷ್ಟಿರ್ತದ! ಅಪ್ಪಾ ಮನಿ ಹಾಲ್‌ನ್ಯಾಗ ನಡಿಯೋ ಮುಂದನೂ ಯಾರರ ಮಾತಾಡ್ಸಿದ್ರ ನಿಂತ ಉತ್ತರ ಕೊಡ್ತಾರ

ಕಾಕಾ: ಅದಕ್ಕ ಪ್ರ್ಯಾಕ್ಟೀಸ್ ಬೇಕು ಅನ್ನೋದು. ನಿಲ್ಲಲಿಕ್ಕೆ ಬಿಡಬ್ಯಾಡ್ರಿ

ಪುಟ್ಟಿ: ನಿಲ್ಲಲಿ ಬಿಡ್ರಿ!! ನಮಗ ನಡಿಯೋದು ತಾನ ಆಗ್ತದ, ಅವ್ರಿಗೆ ಈಗ ಒಂದೊಂದು ಹೆಜ್ಜಿಗೂ ಲಕ್ಷ್ಯ ಕೊಡಬೇಕಾಗ್ತದ, ಅದ ಲಕ್ಷ್ಯ ಲೆಕ್ಕಕ್ಕೂ ಹಂಚಿಹೋದ್ರ ಹೆಜ್ಜಿ ಸಣ್ಣ ಆಗ್ತಾವ, ಕಾಲು ಎಳೀತದ, ಬ್ಯಾಲೆನ್ಸ್ ಹೋಗ್ತದ. 1997ರಾಗ ಸ್ವೀಡನ್ ಸಂಶೋಧಕರು ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕ್ಯಾಗ ಬರದಾರ, ವಯಸ್ಸಾದ 58 ಮಂದಿಯೊಳಗ ನಡಿಯೋ ಮುಂದ ಮಾತಾಡ್ಸಿದ್ರ ನಿಂತವ್ರು 12, ಅದ್ರಾಗ 10 ಮಂದಿ ಆರು ತಿಂಗಳಾಗ ಬಿದ್ರು. ಅವ್ರೆಲ್ಲಾರೂ ಸ್ಟ್ರೋಕ್ ಆದವ್ರೇ ಅಂತೇನಲ್ಲ, ಆದ್ರೂ ಅಪ್ಪಾ ನಿಂತಾಗ ನಾವು ಎಚ್ಚರ ಆಗಬೇಕು, ಮುಂದ ನೂಕಬಾರ್ದು

ವೈನಿ: ಹಂಗಂದ್ರ ನಡಿಯೋ ಮುಂದ ಯಾರೂ ಮಾತಾಡ್ಸೋದ ಬ್ಯಾಡ, ಟೀವಿನೂ ಬಂದ್ ಮಾಡ್ತೀನಿ

ಪುಟ್ಟಿ: ವೈನಿ ಈಗ ಅಷ್ಟು ಸರಿ, ಕಾಯಂ ಹಂಗ ಇಡಲಿಕ್ಕೆ ಬರೂದಿಲ್ಲ. ನಾಳೆ ರಸ್ತೆ ದಾಟಬೇಕು, ಹಿಂದಿಂದ ಬೈಕಿನವ ಹಾರ್ನ್ ಹೊಡೀತಾನ, ಕೈಯಾಗ ಭಾಜಿ ಚೀಲ ಇರ್ತದ. ಎರಡು ಕೆಲಸ ಕೂಡೇ ಮಾಡೋದು ಕಲೀಬೇಕ ಕಾಕಾ, ಆ ಮಾತು ನಿಮ್ಮದು ಖರೇ ಅದ, ಆದ್ರ ಫಿಸಿಯೋ (ಫಿಸಿಯೋಥೆರಪಿಸ್ಟ್) ಮುಂದ. ಅವ್ರು ಮೊದಲ ಟೈಮ್ ನೋಡ್ತಾರ, ಕುರ್ಚಿಯಿಂದ ಎದ್ದು 3 ಮೀಟರ್ ನಡದು ತಿರುಗಿ ಬಂದು ಕೂಡೋದು. ಆಮ್ಯಾಲೆ ಅದನ್ನ ನೀರಿನ ಗ್ಲಾಸ್ ಹಿಡ್ಕೊಂಡು, ಇಲ್ಲಾ ಮೂರು ಮೂರು ಕಳೀತ ಎಣಸ್ಕೋತ. ಟೈಮ್ ಎಷ್ಟು ಜಾಸ್ತಿ ಆಯ್ತು ಅನ್ನೋದ್ರ ಮ್ಯಾಲೆ ಎರಡು ಕೆಲಸ ಕೂಡೇ ಮಾಡೋದು ಎಷ್ಟು ಕಷ್ಟ ಆಗ್ತದ ಅಂತ ಗೊತ್ತಾಗ್ತದ

ಕಾಕಾ: ಮೂರು ತಿಂಗಳಾದ್ರ ಮುಂದ ಸುಧಾರಣೆ ನಿಂತಹೋಗ್ತದ ಅಂತಾರವ್ವ. ನನಗ ಅದ ಚಿಂತಿ, ರಾತ್ರಿ ನಿದ್ದಿ ಬರೂದಿಲ್ಲ

ಪುಟ್ಟಿ: ಮೊದಲಿನ ತಿಂಗಳಾಗ ಜೋರು ಸುಧಾರಸ್ತದ ಖರೇ, ಆದ್ರ ಆಮ್ಯಾಲೂ ನಿಲ್ಲೂದಿಲ್ಲ ಕಾಕಾ. ಬಿದ್ದು ತೊಡಿ ಎಲುಬು ಮುರದ್ರ ಈಗ ಗಳಿಸಿದ್ದೂ ಹೋಗ್ತದ

ವೈನಿ: ಮನ್ಯಾಗ ನಾವು ಏನೂ ಮಾಡಬಾರ್ದೇನು ಮತ್ತ?

ಪುಟ್ಟಿ: ಫಿಸಿಯೋ ಹೂಂ ಅಂದ್ರ ಹಗುರದ್ದು ಮಾಡ್ಸೋಣ. ಒಣಾ ನೆಲ, ಗ್ವಾಡಿ ಮಗ್ಗಲ, ಚಪ್ಪಲ್ ಗಟ್ಟಿ ಇರಬೇಕು, ಒಬ್ರು ಸೋತ ಕಾಲಿನ ಮಗ್ಗಲಕ ನಿಂತು ಅಪ್ಪಾರ ಸೊಂಟದ ಬೆಲ್ಟ್ ಹಿಡ್ಕೊಂಡಿರಬೇಕು. ನಡಿಯೋ ಮುಂದ ಬರೇ ಭಾಜಿ ಹೆಸರು ಹೇಳ್ಸೋದು. ತಡವರಿಸಿದ್ರ ಅಲ್ಲೇ ಬಿಡೋದು, ನಿಲ್ಲಬ್ಯಾಡ್ರಿ ಅಂತ ಒದರೋದಂತೂ ಇಲ್ಲ

ಕಾಕಾ: ಈ ವಾರಾನ ಶುರು ಆಗ್ಬೇಕು ಅಂತ ನಾ ಅನ್ನಾಂವನ. ಫಿಸಿಯೋ ಯಾವಾಗ ಬರ್ತಾರ? ನಾನೂ ಬರ್ತೀನಿ

ವೈನಿ: ನಾಡದು 11ಕ್ಕ